ಸೋಲಾರ್ ಪ್ಯಾನೆಲ್ ಒಳಗೆ ನೀರು ಎಲ್ಲಿಂದ ಬಂತು?

ಪ್ರಶ್ನೆ: ಸರ್, ನಮ್ಮದು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕು. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೇನೆ. ನಮ್ಮ ತೊಗರಿ ಹೊಲದಲ್ಲಿ ತಗಡಿನ ಶೆಡ್ ಇದೆ, ಕರೆಂಟ್ ಇಲ್ಲ. ಕಳೆದ ವರ್ಷ 3 ಇಂಚು ಅಗಲ, 6 ಇಂಚು ಉದ್ದದ 36 ಸೆಲ್ ಆನ್‌ಲೈನಲ್ಲಿ ತರಿಸಿ ನಾನೇ ಪ್ಯಾನೆಲ್ ಮಾಡಿದೆ. ತಳಕ್ಕೆ ಪ್ಲೈವುಡ್, ಸುತ್ತ ಮರದ ಪಟ್ಟಿ, ಮೇಲೆ ಅಕ್ರಿಲಿಕ್ ಶೀಟ್, ಅಂಚಿಗೆಲ್ಲ ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್. ಶೆಡ್ಡಿನ ತಗಡಿನ ಮೇಲೆ ಹಾಗೇ ಮಲಗಿಸಿ ಕಟ್ಟಿದ್ದೇನೆ. ಬೇಸಿಗೆಯಲ್ಲಿ ಎರಡು ಬಲ್ಬು, ಒಂದು ಫ್ಯಾನ್ ಚೆನ್ನಾಗಿ ನಡೆದವು. ಮಳೆಗಾಲ ಆದ ಮೇಲೆ ಬೆಳಿಗ್ಗೆ ನೋಡಿದರೆ ಶೀಟಿನ ಒಳಮೈಗೆ ನೀರಿನ ಹನಿ ಕೂತಿರುತ್ತವೆ. ತಂತಿಯ ಪಟ್ಟಿಗಳ ಮೇಲೆ ಹಸಿರು, ಬಿಳಿ ಪುಡಿ. ಮೀಟರ್ 20 ವೋಲ್ಟ್ ತೋರಿಸುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಮತ್ತೆರಡು ಪದರ ಸಿಲಿಕೋನ್ ಹಚ್ಚಿದರೂ ಅಷ್ಟೇ. ಗಾಳಿ ಒಂದಿಷ್ಟೂ ಆಡದಂತೆ ಮುಚ್ಚುವ ಸೀಲಂಟ್ ಯಾವುದು ಹೇಳಿ. ಇಲ್ಲ, ಮೇಲಿಂದ ರೆಸಿನ್ ಸುರಿದುಬಿಡಲಾ? ಗೆಳೆಯನೊಬ್ಬ ಕೆಳಗೆ ತೂತು ಹಾಕು ಅನ್ನುತ್ತಾನೆ, ನಂಬಿಕೆ ಬರುತ್ತಿಲ್ಲ. ಶೆಡ್ಡಿಗೆ ಮಕ್ಕಳು ಬರುತ್ತಾರೆ, ಎತ್ತು ಕಟ್ಟುತ್ತೇವೆ. ಮಳೆಯಲ್ಲಿ ಶಾಕ್ ಹೊಡೆಯುತ್ತದೆಯೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಈ ಡಬ್ಬಿಯನ್ನು ಉಳಿಸುವ ಸೀಲಂಟ್ ಯಾವ ಅಂಗಡಿಯಲ್ಲೂ ಇಲ್ಲ. ನಿಮ್ಮ ಗೆಳೆಯ ಹೇಳಿದ್ದೇ ಸರಿ. ಮೂರು ಪದರ ಹಚ್ಚಿದರೂ ನೀರು ಬಂತು ಅಂದರೆ ನಿಮ್ಮ ಕೈಕೆಲಸ ಕೆಟ್ಟದ್ದು ಅಂತ ಅರ್ಥವಲ್ಲ. ಕೈಯಿಂದ ಮಾಡಿದ ಪ್ಯಾನೆಲ್ ರಿಪೇರಿಗೆ ಬಂದಾಗ ನಾನು ಜಾಸ್ತಿ ನೋಡುವುದು ಇದೇ ತೊಂದರೆಯನ್ನು. ಎಲ್ಲರೂ ಅಂಚನ್ನೇ ನೋಡುತ್ತಾರೆ. ತೊಂದರೆ ಇರುವುದು ನಡುವೆ, ಸೆಲ್‌ಗೂ ಶೀಟಿಗೂ ಮಧ್ಯೆ ನೀವು ಬಿಟ್ಟ ಖಾಲಿ ಜಾಗದಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಅಳತೆಯ 36 ಸೆಲ್ ಜೋಡಿಸಿದರೆ ಡಬ್ಬಿ ಸುಮಾರು ಅರ್ಧ ಚದರ ಮೀಟರ್ ಆಗುತ್ತದೆ. ಒಳಗೆ ಒಂದು ಇಂಚು ಜಾಗ ಇದ್ದರೆ ಹನ್ನೆರಡು ಲೀಟರಿನಷ್ಟು ಗಾಳಿ. ಬೆಳಿಗ್ಗೆ 25 ಡಿಗ್ರಿ ಇದ್ದ ಆ ಗಾಳಿ ಬಿಸಿಲೇರಿದ ಮೇಲೆ 65 ಡಿಗ್ರಿಗೆ ಹೋಗುವುದು ನಮ್ಮ ಕಡೆ ದೊಡ್ಡ ವಿಷಯವೇ ಅಲ್ಲ. ಅಷ್ಟು ಕಾದರೆ ಗಾಳಿ ಶೇಕಡಾ 13ರಷ್ಟು ಹಿಗ್ಗಬೇಕು. ಅಂದರೆ ಒಂದೂವರೆ ಲೀಟರಿಗೂ ಜಾಸ್ತಿ ಗಾಳಿ ಹೊರಗೆ ದಾರಿ ಹುಡುಕುತ್ತದೆ. ದಾರಿ ಕೊಡದೆ ಗಟ್ಟಿಯಾಗಿ ಮುಚ್ಚಿದರೆ ಅದು ಒತ್ತಡವಾಗಿ ನಿಲ್ಲುತ್ತದೆ. ಅರ್ಧ ಚದರ ಮೀಟರ್ ಶೀಟಿನ ಮೇಲೆ ಆ ಒತ್ತಡ ಸೇರಿದರೆ ಆರು ಕ್ವಿಂಟಲ್‌ಗೂ ಮೀರಿದ ತಳ್ಳು! ಅಷ್ಟಕ್ಕೆ ಮೊದಲೇ ಶೀಟ್ ಉಬ್ಬುತ್ತದೆ, ಎಲ್ಲೋ ಒಂದು ಕಡೆ ಸಿಲಿಕೋನ್ ಕೂದಲೆಳೆಯಷ್ಟು ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ.

ಸಂಜೆ ಆ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಆಗ ಅದೇ ಎಳೆಯಿಂದ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗಸ್ಟ್, ಸೆಪ್ಟೆಂಬರ್ ರಾತ್ರಿ ಆ ಗಾಳಿ ತೇವದ ಗಾಳಿ. ಇನ್ನೂ ಕೆಟ್ಟದ್ದು ಯಾವುದು ಗೊತ್ತಾ? ಮಧ್ಯಾಹ್ನ ಚೆನ್ನಾಗಿ ಕಾದ ಪ್ಯಾನೆಲ್ ಮೇಲೆ ದಿಢೀರ್ ಅಂತ ಮಳೆ ಬೀಳುವುದು. ಒಳಗಿನ ಗಾಳಿ ಕೆಲವೇ ನಿಮಿಷದಲ್ಲಿ ಕುಗ್ಗುತ್ತದೆ. ನೀವು ಪ್ಯಾನೆಲ್ಲನ್ನು ತಗಡಿನ ಮೇಲೆ ಮಲಗಿಸಿದ್ದೀರಿ, ಹಾಗಾಗಿ ಅಂಚಿನಲ್ಲಿ ನೀರು ನಿಂತಿರುತ್ತದೆ. ಡಬ್ಬಿ ಆಗ ಗಾಳಿಯನ್ನಲ್ಲ, ನೀರನ್ನೇ ಹೀರುತ್ತದೆ. ಇಷ್ಟಾದ ಮೇಲೆ ಹೊರಗಿಂದ ಇನ್ನೊಂದು ಪದರ ಹಚ್ಚಿದರೆ ಒಳಗೆ ಹೋದ ನೀರು ಹೊರಗೆ ಬರುವ ದಾರಿಯನ್ನು ಮುಚ್ಚಿದಂತೆ ಆಗುತ್ತದೆ, ಅಷ್ಟೇ.

ನೀರು ಬರುವ ದಾರಿ ಇದೊಂದೇ ಅಲ್ಲ. ನಿಮ್ಮ ಪ್ಲೈವುಡ್ ಕೂಡ ನೀರು ಕೊಡುತ್ತದೆ. ಒಣಗಿದಂತೆ ಕಂಡರೂ ಮರದಲ್ಲಿ ತೇವ ಇದ್ದೇ ಇರುತ್ತದೆ. ಹಗಲು ಕಾದಾಗ ಅದು ಆವಿಯಾಗಿ ಹೊರಬರುತ್ತದೆ, ರಾತ್ರಿ ತಣ್ಣಗಾದ ಶೀಟಿಗೆ ಹನಿಯಾಗಿ ಕೂರುತ್ತದೆ. ಒಂದೂ ತೂತಿಲ್ಲದ ಡಬ್ಬಿಯಲ್ಲೂ ಇದು ಆಗುತ್ತದೆ. ಮತ್ತೆ, ಸಿಲಿಕೋನ್ ಹಚ್ಚಿದರೆ ನೀರು ಬರುವುದೇ ಇಲ್ಲ ಅನ್ನುವುದು ಅರ್ಧ ಸತ್ಯ. ಹರಿಯುವ ನೀರನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ನೀರಿನ ಆವಿ ಸಿಲಿಕೋನ್ ರಬ್ಬರಿನ ಮೂಲಕ ಸಲೀಸಾಗಿ ದಾಟಿ ಹೋಗುತ್ತದೆ. ಎರಡು ಗಾಜಿನ ಕಿಟಕಿ ಮಾಡುವವರು ಒಳಸೀಲಿಗೆ ಆವಿ ಅಷ್ಟಾಗಿ ದಾಟದ ಬ್ಯುಟೈಲ್ ರಬ್ಬರ್ ಬಳಸುವುದು, ಜೊತೆಗೆ ತೇವ ಹೀರುವ ಹರಳು ತುಂಬುವುದು ಇದಕ್ಕೇ. ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಸಾಕಲ್ಲವೇ ಅಂತ ಬಹಳ ಜನ ಕೇಳುತ್ತಾರೆ. ದಿನಾ ಗಾಳಿ ಒಳಗೆ ಹೊರಗೆ ಆಡುವ ಡಬ್ಬಿಯಲ್ಲಿ ಅದು ಬೇಗ ತುಂಬಿಹೋಗುತ್ತದೆ. ತುಂಬಿದ ಮೇಲೆ ಇದ್ದೂ ಇಲ್ಲದಂತೆ.

ಇನ್ನು ಆ ಹಸಿರು, ಬಿಳಿ ಪುಡಿ. ಸಿಲಿಕೋನ್ ಹಚ್ಚುವಾಗ ಮೂಗಿಗೆ ಹೊಡೆಯುವ ಹುಳಿ ವಾಸನೆ ಬಂತಾ, ವಿನೆಗರ್ ತರಹ? ಬಂದಿರಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಸಿಲಿಕೋನ್ ಬಹುಪಾಲು ಅಸಿಟಾಕ್ಸಿ ಜಾತಿಯದು. ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಗಾಜಿಗೆ, ಅಕ್ವೇರಿಯಂಗೆ ಅದು ಒಳ್ಳೆಯದೇ. ಆದರೆ ಮುಚ್ಚಿದ ಡಬ್ಬಿಯಲ್ಲಿ ಆ ಆವಿ ತಾಮ್ರವನ್ನೂ ಬೆಸುಗೆಯ ಸೀಸವನ್ನೂ ತಿನ್ನುತ್ತದೆ. ಹಸಿರು ತಾಮ್ರದ್ದು. ಬಿಳಿ ಬಣ್ಣದ್ದು ಸೀಸದ್ದೂ ಇರಬಹುದು, ಸೀಸ ವಿಷ. ಅದನ್ನು ಬಾಯಿಂದ ಊದಬೇಡಿ. ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬಿಸಾಕಿ, ಕೈ ತೊಳೆದುಕೊಂಡೇ ಊಟಕ್ಕೆ ಕೂರಿ. ಸೀಲಂಟ್ ಕೊಳ್ಳುವಾಗ ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ. ಅದಕ್ಕೆ ಈ ಹುಳಿ ವಾಸನೆ ಇರುವುದಿಲ್ಲ.

ಬೆಸುಗೆಗೆ ಯಾವ ಪೇಸ್ಟ್, ಅಂದರೆ ಫ್ಲಕ್ಸ್, ಬಳಸಿದಿರಿ ಅಂತ ನೀವು ಬರೆದಿಲ್ಲ. ಆಮ್ಲದ ಫ್ಲಕ್ಸ್ ಆಗಿದ್ದರೆ ಅರ್ಧ ಅಪರಾಧ ಅದರದ್ದೇ. ಒರೆಸದೆ ಬಿಟ್ಟ ಫ್ಲಕ್ಸ್ ತೇವವನ್ನು ಎಳೆದುಕೊಂಡು ಪಟ್ಟಿಯನ್ನು ಅಡಿಯಿಂದಲೇ ಕೊರೆಯುತ್ತದೆ. ಸೆಲ್ ಬೆಸುಗೆಗೆ ನೋ ಕ್ಲೀನ್ ಫ್ಲಕ್ಸ್ ಪೆನ್ ಸಿಗುತ್ತದೆ, ಅದನ್ನೇ ಬಳಸಿ. ಆಮೇಲೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿಯಿಂದ ಮೆಲ್ಲಗೆ ಒರೆಸಿ.

20 ವೋಲ್ಟ್ ತೋರಿಸಿಯೂ ಚಾರ್ಜ್ ಯಾಕಿಲ್ಲ ಅನ್ನುವುದು ಒಳ್ಳೆಯ ಪ್ರಶ್ನೆ. ಒಂದು ಸೆಲ್ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ. 36 ಸೆಲ್ ಸಾಲಾಗಿ ಸೇರಿದರೆ ಖಾಲಿ ಇದ್ದಾಗ 20, 21 ವೋಲ್ಟ್ ಬರುತ್ತದೆ. ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ. ಕೊಳೆತ ಜೋಡಣೆಯಲ್ಲೂ ಅಷ್ಟು ಹಾದುಹೋಗುತ್ತದೆ, ಹಾಗಾಗಿ ವೋಲ್ಟೇಜ್ ಸರಿಯಾಗೇ ಕಾಣುತ್ತದೆ. ಬ್ಯಾಟರಿಗೆ ಮೂರು ಆಂಪಿಯರ್ ಕೊಡಬೇಕು ಅಂದಾಗ ಆ ಜೋಡಣೆ ಅಡ್ಡ ನಿಲ್ಲುತ್ತದೆ. ನೋಡಬೇಕಾದ್ದು ಕರೆಂಟನ್ನು. ಮಧ್ಯಾಹ್ನ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಬ್ಯಾಟರಿಯ ತಂತಿ ಬಿಚ್ಚಿ, ಮೀಟರನ್ನು 10 ಆಂಪಿಯರ್ ಡಿಸಿಗೆ ಇಟ್ಟು ಪ್ಯಾನೆಲ್ಲಿನ ಎರಡು ತುದಿಗೆ ಸೇರಿಸಿ. ಆಮೇಲೆ ಬಟ್ಟೆ ತೆಗೆಯಿರಿ. ನಿಮ್ಮ ಸೆಲ್ಲಿಗೆ ಒಳ್ಳೆಯ ಬಿಸಿಲಲ್ಲಿ ಮೂರೂವರೆ ಆಂಪಿಯರ್ ಹತ್ತಿರ ಬರಬೇಕು. ಒಂದಕ್ಕಿಂತ ಕಡಿಮೆ ಬಂದರೆ ಎಲ್ಲೋ ಪಟ್ಟಿ ಬಿಟ್ಟಿದೆ ಅಥವಾ ಸೆಲ್ ಸೀಳಿದೆ. ಮೀಟರ್ ತೆಗೆಯುವ ಮೊದಲೂ ಬಟ್ಟೆ ಮುಚ್ಚಿ. ಮೀಟರಿನ ಕಡ್ಡಿಯನ್ನು ಬ್ಯಾಟರಿಗೆ ಮಾತ್ರ ಹೀಗೆ ಮುಟ್ಟಿಸಬೇಡಿ, ಮೀಟರ್ ಸುಟ್ಟು ಹೋಗುತ್ತದೆ, ಕೈಯೂ ಸುಡಬಹುದು.

ಒಂದು ವಿಷಯ ನೆನಪಿರಲಿ, ಎಲ್ಲಾ ಇಳಿಕೆಗೂ ನೀರೇ ಕಾರಣ ಅಲ್ಲ. ಸೋಲಾರ್ ಸೆಲ್ ಕಾದಷ್ಟೂ ಸೊರಗುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.4ರ ಆಸುಪಾಸು ವ್ಯಾಟ್ ಕಡಿಮೆ. ಸೆಲ್ 65 ಡಿಗ್ರಿಗೆ ಹೋದರೆ ಶೇಕಡಾ 16 ಅಲ್ಲೇ ಹೋಯಿತು. ಮೇ ತಿಂಗಳಲ್ಲಿ ಹೊಸ ಪ್ಯಾನೆಲ್ಲೂ ಬರೆದಷ್ಟು ವ್ಯಾಟ್ ಕೊಡುವುದಿಲ್ಲ. ತಗಡಿಗೆ ಅಂಟಿಕೊಂಡಂತೆ ಮಲಗಿಸಿದರೆ ಇನ್ನೂ ಜಾಸ್ತಿ ಕಾಯುತ್ತದೆ.

ಹಾಗಾದರೆ ಕಾರ್ಖಾನೆಯ ಪ್ಯಾನೆಲ್ ಮಳೆಯಲ್ಲಿ ಇಪ್ಪತ್ತೈದು ವರ್ಷ ಹೇಗೆ ನಿಲ್ಲುತ್ತದೆ? ಅದರ ಅಂಚಿನ ಸೀಲ್ ಮಹಾ ಗಟ್ಟಿ ಅಂತಲ್ಲ. ಅದರೊಳಗೆ ಗಾಳಿಯೇ ಇಲ್ಲ. 3.2 ಮಿಲಿಮೀಟರ್ ಗಟ್ಟಿಗಾಜು, ಅದರ ಕೆಳಗೆ ಇವಿಎ ಅನ್ನುವ ಪಾರದರ್ಶಕ ಹಾಳೆ, ಸೆಲ್, ಮತ್ತೆ ಇವಿಎ, ಹಿಂದೆ ಪ್ಲಾಸ್ಟಿಕ್ ಹಾಳೆ. ಇಷ್ಟನ್ನೂ ನಿರ್ವಾತದಲ್ಲಿಟ್ಟು, 150 ಡಿಗ್ರಿ ಹತ್ತಿರ ಕಾಯಿಸಿ ಒತ್ತುತ್ತಾರೆ. ಎಲ್ಲವೂ ಒಂದೇ ಹಲಗೆಯಂತೆ ಅಂಟಿಕೊಳ್ಳುತ್ತದೆ. ಹಿಂದಿನ ಹಾಳೆಯ ಮೂಲಕ ಸ್ವಲ್ಪ ಆವಿ ಅಲ್ಲೂ ಒಳಗೆ ಹೋಗುತ್ತದೆ. ಆದರೆ ಹನಿಗಟ್ಟಲು ಖಾಲಿ ಜಾಗ ಬೇಕಲ್ಲ, ಅದು ಇಲ್ಲ. ಹಗಲಿನ ಬಿಸಿಗೆ ಆ ತೇವ ಬಂದ ದಾರಿಯಲ್ಲೇ ಹೊರಗೂ ಹೋಗುತ್ತದೆ. ಈ ಪ್ಯಾನೆಲ್‌ಗಳ ಒಂದು ಪರೀಕ್ಷೆಯಲ್ಲಿ 85 ಡಿಗ್ರಿ ಬಿಸಿ, ಶೇಕಡಾ 85 ತೇವದಲ್ಲಿ 1000 ಗಂಟೆ ಇಡುತ್ತಾರೆ. ನಮ್ಮ ನಿಮ್ಮ ಪ್ಲೈವುಡ್ ಡಬ್ಬಿ ಅಲ್ಲಿ ಒಂದು ದಿನ ನಿಂತರೆ ದೊಡ್ಡದು.

ಇವಿಎ ಹಾಳೆ ಆನ್‌ಲೈನಲ್ಲಿ ಸಿಗುತ್ತದೆ. ಇಸ್ತ್ರಿ ಪೆಟ್ಟಿಗೆ, ಹೀಟ್ ಗನ್ ಹಿಡಿದು ಅಂಟಿಸುವ ವಿಡಿಯೊಗಳೂ ಇವೆ. ನಮ್ಮ ಊರಿಗೆ ಅದು ಬೇಡ ಅನ್ನುತ್ತೇನೆ. ನಿರ್ವಾತ ಇಲ್ಲದೆ ಗುಳ್ಳೆ ಉಳಿಯುತ್ತವೆ, ಪ್ರತಿ ಗುಳ್ಳೆಯೂ ತೇವಕ್ಕೆ ಒಂದು ಮನೆ. ಅದಕ್ಕಿಂತ ಮುಖ್ಯವಾಗಿ, ಪೂರ್ತಿ ಬೇಯದ ಇವಿಎ 70 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಮೆತ್ತಗಾಗುತ್ತದೆ. ನಿಮ್ಮ ಶೆಡ್ ಮೇಲೆ ಏಪ್ರಿಲ್, ಮೇನಲ್ಲಿ ಬರುವುದೂ ಅದೇ ಬಿಸಿ. ಸೆಲ್‌ಗಳು ಜಾರುತ್ತವೆ.

ರೆಸಿನ್ ಸುರಿಯುವುದನ್ನೂ ಬಿಟ್ಟುಬಿಡಿ. ಟೇಬಲ್, ಫೋಟೊ ಫ್ರೇಮಿಗೆ ಬಳಸುವ ಪಾರದರ್ಶಕ ಎಪಾಕ್ಸಿ ಮೊದಲ ದಿನ ಗಾಜಿನಂತೆ ಹೊಳೆಯುತ್ತದೆ. ಬಿಸಿಲಿಗೆ ಇಟ್ಟರೆ ಹಳದಿಯಾಗುತ್ತದೆ. ಸೆಲ್ ಅಂದರೆ 0.2 ಮಿಲಿಮೀಟರಿನ ಹಪ್ಪಳ. ಎಪಾಕ್ಸಿ ಬಿಸಿಗೆ ಸೆಲ್‌ಗಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಗಟ್ಟಿಯಾಗಿ ಹಿಡಿದುಕೊಂಡೇ ಎಳೆದಾಡುತ್ತದೆ. ಸೆಲ್ ಸೀಳಿದರೆ ಬಿಚ್ಚಿ ಬದಲಿಸಲೂ ಆಗುವುದಿಲ್ಲ, 36 ಸೆಲ್ಲೂ ಹೋದಂತೆ.

ಅಕ್ರಿಲಿಕ್ಕಿನದೂ ಇದೇ ಕಥೆ. ಒಂದು ಮೀಟರ್ ಅಕ್ರಿಲಿಕ್ 40 ಡಿಗ್ರಿ ಕಾದರೆ ಎರಡೂವರೆ ಮಿಲಿಮೀಟರಿಗೂ ಜಾಸ್ತಿ ಬೆಳೆಯುತ್ತದೆ. ಗಾಜು ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅಂಚಿನ ಸಿಲಿಕೋನನ್ನು ದಿನಾ ಎಳೆಯುತ್ತಿರುವುದು ಈ ಶೀಟೇ. ನಿಮ್ಮ ಕಡೆ ಇನ್ನೊಂದು ಕಷ್ಟ ಇದೆ. ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ. ಆ ಧೂಳು ಬೆಳಗಿನ ಇಬ್ಬನಿಗೆ ಕಚ್ಚಿಕೊಂಡು ಕೂರುತ್ತದೆ. ಉಜ್ಜಿದರೆ ಅಕ್ರಿಲಿಕ್ ಮೇಲೆ ಗೀರು ಬಿದ್ದು ಮಂಜಾಗುತ್ತದೆ. ಗಾಜಾದರೆ ಬೆಳಿಗ್ಗೆ ಬಿಸಿಲೇರುವ ಮೊದಲು ನೀರು ಹಾಕಿ ಒರೆಸಿದರೆ ಮುಗಿಯಿತು. ಬೋರ್‌ವೆಲ್ ನೀರಾದರೆ ಒಣ ಬಟ್ಟೆಯಿಂದ ಒರೆಸಿಬಿಡಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಬೇಡ.

ಈಗ ಏನು ಮಾಡಬಹುದು ಅಂತ ಹೇಳುತ್ತೇನೆ. ಒಂದೋ ಒಳಗೆ ಗಾಳಿಯೇ ಇರಬಾರದು, ಇಲ್ಲವೇ ಗಾಳಿ ಧಾರಾಳವಾಗಿ ಆಡಬೇಕು. ಈಗ ನಿಮ್ಮದು ಎರಡರ ಮಧ್ಯೆ ನಿಂತಿದೆ, ಕೆಡುವುದು ಅಲ್ಲೇ.

ಕಡಿಮೆ ಖರ್ಚಿನದು ಗಾಳಿ ಆಡಲು ಬಿಡುವುದು. ಡಬ್ಬಿ ಬಿಚ್ಚಿ ಪ್ಲೈವುಡ್, ಮರ, ಅಕ್ರಿಲಿಕ್ ಮೂರನ್ನೂ ತೆಗೆಯಿರಿ. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಚೌಕಟ್ಟು ಮಾಡಿಸಿ, 4 ಮಿಲಿಮೀಟರ್ ಟಫನ್ಡ್ ಗಾಜು ಹಾಕಿಸಿ. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಮೊದಲೇ ಅಳತೆ ಸರಿಯಾಗಿ ಕೊಡಿ. ಸೆಲ್ ಅಂಟಿಸುವ ತಳ ನೀರು ಕುಡಿಯದ, ಕರೆಂಟ್ ಹರಿಯದ ಹಲಗೆ ಆಗಿರಲಿ. ಸೆಲ್ಲಿನ ನಟ್ಟನಡುವೆ ಮಾತ್ರ ನ್ಯೂಟ್ರಲ್ ಸಿಲಿಕೋನಿನ ಒಂದು ಬೊಟ್ಟು ಇಡಿ, ನಾಲ್ಕು ಮೂಲೆ ಹಿಡಿಯಬೇಡಿ, ಅದಕ್ಕೆ ಹಿಗ್ಗಲು ಜಾಗ ಬೇಕು. ಮೇಲಿನ ಮತ್ತು ಪಕ್ಕದ ಅಂಚನ್ನು ಮಳೆ ನುಗ್ಗದಂತೆ ಮುಚ್ಚಿ. ಕೆಳಗಿನ ಅಂಚಿನಲ್ಲಿ ಮಾತ್ರ ನೆಲಕ್ಕೆ ಮುಖ ಮಾಡಿ ನಾಲ್ಕಾರು ತೂತು ಹಾಕಿ, ಒಂದೊಂದೂ 6 ಮಿಲಿಮೀಟರ್. ಒಳಗಡೆಯಿಂದ ಸ್ಟೀಲಿನ ಸಣ್ಣ ಜಾಲರಿ ಅಂಟಿಸಿ. ಜಾಲರಿ ಮರೆತರೆ ಕಣಜ ಮಣ್ಣು ತಂದು ತೂತು ಮುಚ್ಚುತ್ತದೆ, ಇರುವೆ ಒಳಗೆ ಮೊಟ್ಟೆ ಇಡುತ್ತದೆ. ತಂತಿ ಹೊರಬರುವ ಜಾಗದಲ್ಲೂ ಗ್ಲ್ಯಾಂಡ್, ಅಂದರೆ ತಂತಿಯನ್ನು ಬಿಗಿಯಾಗಿ ಹಿಡಿಯುವ ಬಿರಡೆ, ಕೆಳಮುಖವಾಗಿರಲಿ. ತಂತಿಯನ್ನು ಸ್ವಲ್ಪ ಜೋತುಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ, ಹನಿ ಅಲ್ಲೇ ಉದುರುತ್ತದೆ. ಇಷ್ಟು ಮಾಡಿದರೂ ಬೆಳಿಗ್ಗೆ ಒಮ್ಮೊಮ್ಮೆ ಗಾಜು ಮಂಜಾಗುತ್ತದೆ. ಒಂಬತ್ತು ಗಂಟೆಯೊಳಗೆ ಅದು ಆರಿಹೋದರೆ ಚಿಂತೆ ಇಲ್ಲ. ಕೆಲವು ವರ್ಷ ನಡೆಯುತ್ತದೆ. ಇಪ್ಪತ್ತು ವರ್ಷದ ಆಸೆ ಬೇಡ.

ಎರಡನೆಯದು ಸೆಲ್‌ಗಳನ್ನು ಗಾಜಿಗೇ ಅಂಟಿಸಿ ಗಾಳಿ ತೆಗೆಯುವುದು. ಎರಡು ಭಾಗ ಬೆರೆಸುವ, ನೀರಿನಂತೆ ಹರಿಯುವ ಪಾರದರ್ಶಕ ಸಿಲಿಕೋನ್ ಬರುತ್ತದೆ. ಇದು ಹಳೆಯ ವಿದ್ಯೆ, ಇವಿಎ ಬರುವ ಮೊದಲು ಕಾರ್ಖಾನೆಗಳೂ ಸಿಲಿಕೋನನ್ನೇ ಬಳಸುತ್ತಿದ್ದವು. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ 1975ರಿಂದ ನಡೆಸಿದ ಸೋಲಾರ್ ಯೋಜನೆಯ ಕಾಲದಲ್ಲಿ ಅಗ್ಗದ ಇವಿಎ ಅದರ ಜಾಗಕ್ಕೆ ಬಂತು. ಆವಿ ದಾಟುವ ಸಿಲಿಕೋನ್ ಇಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನಬಹುದು. ಸೆಲ್ಲಿಗೆ ಅದು ಸರಿಯಾಗಿ ಕಚ್ಚಿಕೊಂಡಿದ್ದರೆ ಆವಿ ನೀರಾಗಲು ಜಾಗ ಸಿಗುವುದಿಲ್ಲ. ಮೆತ್ತಗಿರುವುದರಿಂದ ಸೆಲ್ಲನ್ನೂ ಸೀಳುವುದಿಲ್ಲ. ಆದರೆ ಇದು ದುಬಾರಿ. ಬೆರೆಸಿದ ಗುಳ್ಳೆಗಳನ್ನು ಸುರಿಯುವ ಮೊದಲೇ ತೆಗೆಯಬೇಕು. ಫ್ಲಕ್ಸ್ ಉಳಿದಿದ್ದರೆ ಕೆಲವು ಜಾತಿಯವು ಆ ಜಾಗದಲ್ಲಿ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತವೆ. ಎರಡು ಸೆಲ್ ಅಂಟಿಸಿ ನೋಡದೆ ಪೂರ್ತಿ ಪ್ಯಾನೆಲ್ಲಿಗೆ ಕೈ ಹಾಕಬೇಡಿ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಶೆಡ್ಡಿನ ದೀಪಕ್ಕೆ ಒಂದು ಕಾರ್ಖಾನೆಯ 12 ವೋಲ್ಟ್ ಪ್ಯಾನೆಲ್ ಕೊಳ್ಳಿ. 75 ಅಥವಾ 100 ವ್ಯಾಟ್ ಸಾಕು. ಗಾಜು, ಚೌಕಟ್ಟು, ಸಿಲಿಕೋನ್ ಎಲ್ಲ ಕೂಡಿಸಿದರೆ ಖರ್ಚಿನಲ್ಲಿ ಅಂಥ ವ್ಯತ್ಯಾಸ ಉಳಿಯುವುದಿಲ್ಲ. ನಿಮ್ಮ ಪ್ಯಾನೆಲ್ಲನ್ನು ಬಿಸಾಕಬೇಡಿ. ಬಿಚ್ಚಿ, ಸೆಲ್ ಸೆಲ್ ಅಳೆದು, ಗಾಳಿ ಆಡುವಂತೆ ಮತ್ತೆ ಕಟ್ಟಿ. ನಿಮ್ಮ ಕೈ ಈ ಕೆಲಸಕ್ಕೆ ಬಂದಿದೆ. ಸೋಲಾರ್ ಪಂಪು, ಬೀದಿದೀಪ ರಿಪೇರಿ ಮಾಡುವವರು ನಮ್ಮ ಜಿಲ್ಲೆಯ ಹಳ್ಳಿಗಳಿಗೆ ನಿಜವಾಗಿಯೂ ಬೇಕು, ಆ ಕಲಿಕೆಗೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಮುಂದೆ ಊರಿನ ಮನೆಗೆ ಜೆಸ್ಕಾಂ ನೆಟ್ ಮೀಟರಿನ, ಅಂದರೆ ಉಳಿದ ಕರೆಂಟನ್ನು ಲೈನಿಗೇ ಕೊಡುವ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಅಲ್ಲಿ ಮಾತ್ರ ಕೈಯಿಂದ ಮಾಡಿದ್ದು ನಡೆಯುವುದಿಲ್ಲ, ಪ್ರಮಾಣಪತ್ರ ಇರುವ ಪ್ಯಾನೆಲ್ಲೇ ಬೇಕು.

ಯಾವ ಪ್ಯಾನೆಲ್ ಆದರೂ ತಗಡಿನಿಂದ ಒಂದು ಗೇಣು ಮೇಲೆತ್ತಿ, ದಕ್ಷಿಣಕ್ಕೆ 17 ಡಿಗ್ರಿ ಇಳಿಜಾರು ಕೊಟ್ಟು ನಿಲ್ಲಿಸಿ. ಕಲಬುರಗಿಯ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ. ನೀರು ನಿಲ್ಲುವುದಿಲ್ಲ, ಅಡಿಗೆ ಗಾಳಿ ಹಾಯುತ್ತದೆ, ಧೂಳೂ ಮಳೆಗೆ ತೊಳೆದುಹೋಗುತ್ತದೆ.

ಕೊನೆಗೆ ಮಕ್ಕಳ ವಿಷಯ. ಒಂದೇ ಪ್ಯಾನೆಲ್ಲಿನ 20 ವೋಲ್ಟ್ ಮಳೆಯಲ್ಲೂ ಮಕ್ಕಳಿಗಾಗಲಿ ಎತ್ತಿಗಾಗಲಿ ಪ್ರಾಣಕ್ಕೆ ಕುತ್ತು ತರುವ ವೋಲ್ಟೇಜ್ ಅಲ್ಲ. ಹೀಗೆಂದು ಮೂರು ನಾಲ್ಕು ಪ್ಯಾನೆಲ್ ಸಾಲಾಗಿ ಸೇರಿಸಬೇಡಿ, ಆಗ 60, 80 ವೋಲ್ಟ್ ಡಿಸಿ ಆಗುತ್ತದೆ. ಡಿಸಿಯ ಕಿಡಿ ಎಸಿಯಂತೆ ತಾನಾಗಿ ಬೇಗ ಆರುವುದಿಲ್ಲ. ಇನ್ವರ್ಟರ್ ಇಟ್ಟರೆ ಅದರಿಂದ ಬರುವ 230 ವೋಲ್ಟ್ ಮನೆಯ ಕರೆಂಟಿನಷ್ಟೇ ಅಪಾಯ. ನಿಮ್ಮ ಶೆಡ್ಡಿನಲ್ಲಿ ನನಗೆ ಹೆದರಿಕೆ ಇರುವುದು ಶಾಕಿಗಿಂತ ಬೆಂಕಿಯದು. ಕೊಳೆತ ಬೆಸುಗೆ ಬಿಸಿಯಾಗುತ್ತದೆ, ಅದರ ಹಿಂದೆಯೇ ಒಣ ಪ್ಲೈವುಡ್, ಕೆಳಗೆ ಹೊಟ್ಟು, ಮೇವು. ಹಾಗಾಗಿ ಈಗಿನ ಪ್ಯಾನೆಲ್ಲನ್ನು ರಿಪೇರಿ ಆಗುವವರೆಗೆ ಕೆಳಗಿಳಿಸಿ ಇಡಿ. ಬ್ಯಾಟರಿಯ ಪ್ಲಸ್ ತಂತಿಗೆ ಫ್ಯೂಸ್ ಇದೆಯೇ ಅಂತ ನೀವು ಬರೆದಿಲ್ಲ. ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ, ತಂತಿ ಕೆಂಪಗೆ ಕಾಯಲು ಹೊತ್ತು ಬೇಕಿಲ್ಲ. ಎರಡು ಬಲ್ಬು, ಒಂದು ಡಿಸಿ ಫ್ಯಾನಿಗೆ 10 ಆಂಪಿಯರ್ ಫ್ಯೂಸ್ ಸಾಕು, ಬೈಕಿನ ಬಿಡಿಭಾಗದ ಅಂಗಡಿಯಲ್ಲಿ ಹೋಲ್ಡರ್ ಸಮೇತ ಸಿಗುತ್ತದೆ. ಬ್ಯಾಟರಿಯ ತುದಿಯಿಂದ ಒಂದು ಗೇಣಿನೊಳಗೆ ಹಾಕಿ. ಪ್ಯಾನೆಲ್ ಕೆಲಸ ನಿಧಾನಕ್ಕೆ ಆಗಲಿ, ಇದನ್ನು ಮಾತ್ರ ಇವತ್ತೇ ಮಾಡಿ.